ಒಪ್ಪಿಗೆಯ ನೆಲ, ಅಳತೆಯ ನೆಲ

ಸತ್ಯ ಎಂದು ಪ್ರತ್ಯೇಕವಾಗಿ ಏನೂ ಇಲ್ಲ, ಬಹಳ ಜನ ಬಹಳ ಕಾಲ ಒಪ್ಪಿಕೊಂಡು ಬಂದದ್ದನ್ನೇ ನಾವು ಸತ್ಯ ಎಂದು ಕರೆಯುತ್ತೇವೆ ಎಂಬ ಮಾತನ್ನು ಈಚಿನ ವರ್ಷಗಳಲ್ಲಿ ನಾನು ಮತ್ತೆ ಮತ್ತೆ ಕೇಳುತ್ತಿದ್ದೇನೆ. ವಿಚಾರ ಸಂಕಿರಣಗಳಲ್ಲಿ ಈ ಮಾತು ತೂಕದ ಪರಿಭಾಷೆಯೊಂದಿಗೆ ಬರುತ್ತದೆ. ಮದುವೆಮನೆಯ ಊಟದ ಪಂಕ್ತಿಯಲ್ಲಿ "ಅವರವರ ಸತ್ಯ ಅವರವರಿಗೆ" ಎಂಬ ಸಮಾಧಾನದ ರೂಪದಲ್ಲಿ ಬರುತ್ತದೆ. ಹೇಳುವವರಲ್ಲಿ ಹೆಚ್ಚಿನವರು ಸಜ್ಜನರು, ಓದಿಕೊಂಡವರು. ಅಧಿಕಾರದಲ್ಲಿರುವವರು ತಮ್ಮ ಅನುಕೂಲವನ್ನೇ ಪ್ರಕೃತಿ ನಿಯಮವೆಂಬಂತೆ ಎಲ್ಲರ ತಲೆಗೆ ತುಂಬುತ್ತಾರೆ ಎಂಬ ಅವರ ಸಿಟ್ಟು ನ್ಯಾಯವಾದದ್ದು. ಆದರೂ ಆ ಮಾತನ್ನು ಕೇಳಿದಾಗಲೆಲ್ಲ ನನ್ನ ಮನಸ್ಸು ಒಪ್ಪದೆ ಹಿಂಜರಿಯುತ್ತದೆ. ಏಕೆ ಒಪ್ಪುತ್ತಿಲ್ಲ ಎಂದು ನನಗೆ ನಾನೇ ವಿವರಿಸಿಕೊಳ್ಳಬೇಕಾದಾಗ ಪುಸ್ತಕದ ವಾದಗಳಿಗಿಂತ ಮೊದಲು ನೆನಪಿಗೆ ಬರುವುದು ಹೊಲ, ಬದು, ಬಾಂದುಕಲ್ಲು, ಪಹಣಿ. ಮನುಷ್ಯರು ಒಪ್ಪಿ ಮಾಡಿಕೊಂಡದ್ದೂ ಮನುಷ್ಯರ ಒಪ್ಪಿಗೆಗೆ ಕಾಯದೆ ಇರುವಂಥದ್ದೂ ಜಮೀನಿನಲ್ಲಿ ಸೇರಿಕೊಂಡಿರುವಷ್ಟು ಒತ್ತಾಗಿ ಬೇರೆಲ್ಲೂ ಸೇರಿಕೊಂಡಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಅಲ್ಲಿಟ್ಟೇ ನೋಡುತ್ತೇನೆ.

ಹದ್ದುಬಸ್ತಿನ ದಿನ

ನಾನು ಕಾಲೇಜಿನಲ್ಲಿದ್ದ ಕಾಲದಲ್ಲಿ ನಮ್ಮ ಚಿಕ್ಕಪ್ಪನವರಿಗೂ ಪಕ್ಕದ ಹೊಲದವರಿಗೂ ಒಂದು ಬದುವಿನ ವಿಷಯದಲ್ಲಿ ತಕರಾರು ಬಂತು. ಪಕ್ಕದವರು ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಿಕೊಡುವುದಕ್ಕೆ, ಅರ್ಜಿ ಹಾಕಿದರು. ಸರ್ವೆಯರ್ ಬಂದ ದಿನ ಊರಿನ ಹಿರಿಯರೆಲ್ಲ ಹೊಲದಲ್ಲಿ ಸೇರಿದ್ದರು, ಅವರೆಲ್ಲರ ಮಾತೂ ಒಂದೇ ಆಗಿತ್ತು: ಹೊಂಗೆಮರದ ಬುಡದಿಂದ ಕಟ್ಟೆಯವರೆಗೆ ನೇರವಾಗಿ ಹೋಗುವ ಬದುವೇ ಎರಡು ಹೊಲಗಳ ಗಡಿ. "ನಮ್ಮಪ್ಪನ ಕಾಲದಿಂದ ಇದೇ ಬದು ಕಣಪ್ಪಾ, ಯಾರೂ ಕದಲಿಸಿಲ್ಲ" ಎಂದು ಅವರಲ್ಲಿ ಎಲ್ಲರಿಗಿಂತ ಹಿರಿಯರಾಗಿದ್ದವರು ಹೇಳಿದಾಗ ಎದುರು ಮಾತಾಡುವ ಧೈರ್ಯ ಪಕ್ಕದ ಹೊಲದವರಿಗೂ ಇರಲಿಲ್ಲ. ಸರ್ವೆಯರ್ ಆ ಮಾತನ್ನು ಗೌರವದಿಂದಲೇ ಕೇಳಿಸಿಕೊಂಡರು, ಕೈಯಲ್ಲಿದ್ದ ಟಿಪ್ಪಣಿಯ, ಅಂದರೆ ಹಳೆಯ ಅಳತೆಯ ನಕ್ಷೆಯ, ನಕಲನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು, ಅನಂತರ ಬದುವಿನ ಕಡೆಗೆ ತಿರುಗಿಯೂ ನೋಡದೆ ಬಹಳ ದೂರ ನಡೆದುಹೋದರು. ಮೂರು ಊರುಗಳ ಎಲ್ಲೆ ಸೇರುವ ಕಲ್ಲು ಇದ್ದದ್ದು ಆ ಕಡೆ. ತಕರಾರಿಲ್ಲದ ಆ ಕಲ್ಲಿನಿಂದ ಅಳತೆ ಪ್ರಾರಂಭವಾಯಿತು.

ಸರಪಳಿ ಹಿಡಿದ ಇಬ್ಬರು ಮುಳ್ಳುಬೇಲಿ, ಕಳ್ಳಿಸಾಲು, ಒಣಗಿದ ಹುರುಳಿ ಹೊಲ ಎಲ್ಲವನ್ನೂ ದಾಟಿಕೊಂಡು ಬಂದರು. ಸರ್ವೆಯರ್ ಸರಪಳಿ, ಆಣೆ ಎಂದು ಗಟ್ಟಿಯಾಗಿ ಹೇಳುತ್ತಾ ಬರೆದುಕೊಳ್ಳುತ್ತಿದ್ದರು. ಕೊನೆಗೆ ಅವರು ಬಂದು ನಿಂತದ್ದು ಬದುವಿನ ಮೇಲಲ್ಲ, ನಮ್ಮ ಚಿಕ್ಕಪ್ಪನವರ ಹೊಲದ ಒಳಗೆ, ಬದುವಿನಿಂದ ನಾಲ್ಕಾರು ಹೆಜ್ಜೆ ಈಚೆಗೆ, ರಾಗಿ ಕೊಯ್ದು ಕೂಳೆ ನಿಂತಿದ್ದ ಜಾಗದಲ್ಲಿ. "ಇಲ್ಲಿ ಅಗೀರಿ" ಎಂದರು. ಹಾರೆ ಹಾಕಿದವನಿಗೆ ಮೊದಲು ಬರೀ ಮಣ್ಣು ಸಿಕ್ಕಿತು. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ ಎಂದು ಅಗೆಯುತ್ತಾ ಮೊಣಕಾಲುದ್ದದ ಗುಂಡಿಯಾದ ಮೇಲೆ ಹಾರೆಯ ತುದಿ ಠಣ್ ಎಂದಿತು. ಮಣ್ಣು ಬಳಿದಾಗ ಕಾಣಿಸಿದ್ದು ಒರಟಾಗಿ ಕಡಿದ ಕಪ್ಪು ಬಾಂದುಕಲ್ಲು. ಅದು ಅಲ್ಲಿದೆ ಎಂಬುದು ಸೇರಿದ್ದ ಯಾರ ನೆನಪಿನಲ್ಲೂ ಇರಲಿಲ್ಲ. ಅದನ್ನು ನೆಟ್ಟವರು ಯಾರು ಎಂದು ತಿಳಿದವರು ಊರಿನಲ್ಲಿ ಒಬ್ಬರೂ ಬದುಕಿರಲಿಲ್ಲ. ಊರಿಗೆ ಊರೇ ಒಪ್ಪಿಕೊಂಡಿದ್ದ ಎಲ್ಲೆಯ ಪಕ್ಕದಲ್ಲೇ, ಯಾರ ಒಪ್ಪಿಗೆಯೂ ಇಲ್ಲದೆ, ಆ ಕಲ್ಲು ಅಷ್ಟು ಕಾಲ ತನ್ನ ಜಾಗದಲ್ಲಿ ನಿಂತಿತ್ತು.

ಅಂದಿನ ಸಂಜೆ ನಡೆದದ್ದನ್ನೂ ಹೇಳಬೇಕು, ಏಕೆಂದರೆ ಒಪ್ಪಿಗೆಗೆ ನಿಜವಾಗಿ ಏನು ಮಾಡಲು ಸಾಧ್ಯ ಎಂಬುದು ಅಲ್ಲಿ ಕಾಣಿಸುತ್ತದೆ. ಬದು ಒಡೆದು ಹೊಸದಾಗಿ ಹಾಕಿದರೆ ಮಳೆಗಾಲದಲ್ಲಿ ಎರಡೂ ಹೊಲದ ಮಣ್ಣು ಕೊಚ್ಚಿಹೋಗುತ್ತದೆ ಎಂದು ಹಿರಿಯರು ಹೇಳಿದರು. ಬದು ಇದ್ದಲ್ಲೇ ಇರಲಿ, ಅದಕ್ಕೆ ಬದಲಾಗಿ ತೆಂಗಿನ ಸಾಲಿನ ಕಡೆ ಅಷ್ಟೇ ವಿಸ್ತೀರ್ಣದ ಪಟ್ಟಿಯನ್ನು ನಮ್ಮ ಚಿಕ್ಕಪ್ಪ ಬಿಟ್ಟುಕೊಡಲಿ ಎಂದು ತೀರ್ಮಾನವಾಯಿತು. ಎರಡೂ ಮನೆಯವರು ಒಪ್ಪಿದರು. ಆ ಒಪ್ಪಿಗೆಯಿಂದ ಯಾರು ಎಲ್ಲಿ ಉಳಬೇಕು, ಯಾವ ತೆಂಗಿನಮರದ ಕಾಯಿ ಯಾರದು ಎಂಬುದೆಲ್ಲ ಒಂದೇ ಸಂಜೆಯಲ್ಲಿ ಬದಲಾಯಿತು. ಬದಲಾದದ್ದು ಸುಳ್ಳೂ ಅಲ್ಲ, ತೋರಿಕೆಯೂ ಅಲ್ಲ. ಆ ಮರದ ಕಾಯಿಯನ್ನು ಮರುವರ್ಷದಿಂದ ಪಕ್ಕದವರೇ ಇಳಿಸಿದರು. ಆದರೆ ಹಳೆಯ ಮೋಜಣಿಯವರು ಕಲ್ಲನ್ನು ಎಲ್ಲಿ ನೆಟ್ಟಿದ್ದರು ಎಂಬ ಪ್ರಶ್ನೆಯ ಉತ್ತರ ಆ ಸಂಜೆಯ ಮಾತುಕತೆಯಿಂದ ಕೂದಲೆಳೆಯಷ್ಟೂ ಬದಲಾಗಲಿಲ್ಲ.

ನಮ್ಮ ಕಾನೂನೂ ಈ ವ್ಯತ್ಯಾಸವನ್ನು ಬಲ್ಲದು ಎಂಬುದನ್ನು ನಾನು ಮುಂದೆ ತಿಳಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೆಯ ಪ್ರಕರಣದ ಪ್ರಕಾರ ಹಕ್ಕು ದಾಖಲೆಯ ನಮೂದನ್ನು, ಅದಕ್ಕೆ ವಿರುದ್ಧವಾದುದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ, ನಿಜವೆಂದು ಭಾವಿಸಿಕೊಳ್ಳಬೇಕು. ನಮೂದು ನಿಜ ಎಂದು ಅದು ಹೇಳುವುದಿಲ್ಲ, ನಿಜವೆಂದು ಭಾವಿಸಿಕೊಂಡು ಮುಂದುವರಿಯಿರಿ ಎನ್ನುತ್ತದೆ, ಮತ್ತು ಭಾವನೆ ತಪ್ಪಿರಬಹುದಾದ ಬಾಗಿಲನ್ನು ತೆರೆದೇ ಇಡುತ್ತದೆ. ಅದೇ ವೇಳೆ ಮಾಲೀಕತ್ವ ಎಂಬುದು ಮನುಷ್ಯರ ಮೌನಕ್ಕೂ ಮಣಿಯುತ್ತದೆ: ಮತ್ತೊಬ್ಬರ ಖಾಸಗಿ ಜಮೀನನ್ನು ತನ್ನದೆಂದು ಬಹಿರಂಗವಾಗಿ, ಅಡೆತಡೆಯಿಲ್ಲದೆ 12 ವರ್ಷ ಅನುಭವಿಸಿಕೊಂಡು ಬಂದವನ ಎದುರು ಮೂಲ ಮಾಲೀಕನ ದಾವೆಗೆ ಕಾಲ ಮೀರಿಹೋಗುತ್ತದೆ. ಯಾರದು ಎಂಬ ಪ್ರಶ್ನೆಗೆ ಒಪ್ಪಿಗೆ, ಮೌನ, ಕಾಲ, ಕಾಗದ ಇವೆಲ್ಲ ಸೇರಿ ಉತ್ತರ ಕಟ್ಟುತ್ತವೆ. ಸತ್ಯವೆಲ್ಲ ಒಪ್ಪಂದ ಎನ್ನುವವರು ಕಂಡಿರುವುದು ಈ ಭಾಗವನ್ನು, ಇದನ್ನು ಅವರು ಸರಿಯಾಗಿಯೇ ಕಂಡಿದ್ದಾರೆ. ದುಡ್ಡು, ಪದವಿ, ರಾಜ್ಯದ ಗಡಿ ಎಲ್ಲವೂ ಈ ಜಾತಿಗೆ ಸೇರಿದವು, ಅದನ್ನು ಬಹಳ ವಿವರಿಸಬೇಕಾಗಿಲ್ಲ.

ಸರಪಳಿ ನಮ್ಮದು, ಉದ್ದ ನಮ್ಮದಲ್ಲ

ಇಲ್ಲಿ ಜಾಣರಾದ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ: ಆ ಅಳತೆಯೂ ಒಪ್ಪಂದವೇ ಅಲ್ಲವೇ? ಸರಪಳಿ 33 ಅಡಿ ಎಂದವರು ಯಾರು, ಅದನ್ನು 16 ಆಣೆಯಾಗಿ ಹಂಚಿದವರು ಯಾರು? ಸರಪಳಿಯುದ್ದದ ಚೌಕ 1089 ಚದರಡಿ, ಅದು ಒಂದು ಗುಂಟೆ, 40 ಗುಂಟೆ ಒಂದು ಎಕರೆ ಎಂಬುದೆಲ್ಲ ಆಕಾಶದಿಂದ ಇಳಿದದ್ದಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಗುಂಟೆಯ ಬದಲು ನಾಳೆ ಬೇರೊಂದು ಮಾನವನ್ನು ತಂದರೂ ತಪ್ಪಿಲ್ಲ. ಆದರೆ ಮಾನವನ್ನು ನಿಶ್ಚಯಿಸಿಕೊಂಡ ಕ್ಷಣದಿಂದ, ಈ ಹೊಲ ಎಷ್ಟು ಗುಂಟೆ ಎಂಬುದು ನಮ್ಮ ಕೈಬಿಟ್ಟು ಹೋಗುತ್ತದೆ. ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಬೇಕು ಎಂಬುದು ನಮಗೆ ಬಿಟ್ಟದ್ದು, ಉತ್ತರ ನಮಗೆ ಬಿಟ್ಟದ್ದಲ್ಲ. ಎಲ್ಲವೂ ಒಪ್ಪಂದ ಎನ್ನುವ ವಾದ ಸಾಮಾನ್ಯವಾಗಿ ಈ ಎರಡನ್ನು ಒಂದಾಗಿ ಎಣಿಸುವುದರ ಮೇಲೆಯೇ ನಿಂತಿರುತ್ತದೆ.

ಇದನ್ನು ಯೋಚಿಸುವಾಗಲೆಲ್ಲ ನನಗೆ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ನಡೆಸಿದ ಮಹಾ ಮೋಜಣಿ ನೆನಪಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ದಕ್ಷಿಣ ಭಾರತವನ್ನು ಕರಾವಳಿಯಿಂದ ಕರಾವಳಿಗೆ ತ್ರಿಕೋನಗಳ ಸರಣಿಯಿಂದ ಅಳೆಯುವ ಯೋಜನೆಯನ್ನು ಆತ ಮುಂದಿಟ್ಟ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಆಧಾರರೇಖೆಯೊಂದನ್ನು ಅಳೆದರು. 100 ಅಡಿ ಉದ್ದದ ಉಕ್ಕಿನ ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಹಾಸಿ, ಬಿಸಿಲಿಗೆ ಲೋಹ ಎಷ್ಟು ಹಿಗ್ಗಿದೆ ಎಂದು ತಿಳಿಯಲು ಪಕ್ಕದಲ್ಲಿ ಉಷ್ಣಮಾಪಕಗಳನ್ನು ಇಟ್ಟು, ಮೈಲುಗಟ್ಟಲೆ ಅದನ್ನು ಮತ್ತೆ ಮತ್ತೆ ಹಾಸಿಕೊಂಡು ಹೋದ ಕೆಲಸ ಅದು. ಆ ರೇಖೆಯಿಂದ ಹೊರಟು, ಬೆಟ್ಟದಿಂದ ಬೆಟ್ಟಕ್ಕೆ ಕೋನಗಳನ್ನು ಮಾತ್ರ ನೋಡುತ್ತಾ ಪಶ್ಚಿಮಕ್ಕೆ ಬಂದು, 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ನೆಲದ ಮೇಲೆ ಹೊಸದಾಗಿ ಅಳೆದರು. ಮದರಾಸಿನಿಂದ ಲೆಕ್ಕ ಹಾಕಿಕೊಂಡು ಬಂದ ಉದ್ದಕ್ಕೂ ಬೆಂಗಳೂರಿನಲ್ಲಿ ಕೈಯಾರೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ಕೆಲವೇ ಅಂಗುಲ. ಈ ಎರಡು ಸಂಖ್ಯೆಗಳು ಹೊಂದಿಕೊಂಡದ್ದಕ್ಕೆ ಯಾರದೇ ಸಭೆಯ ನಿರ್ಣಯ ಕಾರಣವಲ್ಲ. ನಡುವೆ ಇದ್ದದ್ದು ಒಂದೇ ಭೂಮಿ, ಎರಡು ಬೇರೆ ದಾರಿಗಳಲ್ಲಿ ಕೇಳಿದಾಗಲೂ ಅದು ಒಂದೇ ಉತ್ತರ ಕೊಟ್ಟಿತು.

ಆ ಮೋಜಣಿ ಮಂಗಳೂರಿನ ಕಡಲತೀರ ಮುಟ್ಟಿದಾಗ ಮತ್ತೊಂದು ಸಂಗತಿ ಹೊರಬಿತ್ತು. ಆ ಅಕ್ಷಾಂಶದಲ್ಲಿ ಪರ್ಯಾಯದ್ವೀಪದ ಅಗಲ ಸುಮಾರು 400 ಮೈಲಿ ಎಂದು ಅಂದಿನ ನಕ್ಷೆಗಳು ತೋರಿಸುತ್ತಿದ್ದವು. ಅಳೆದಾಗ ಬಂದದ್ದು ಸುಮಾರು 360. ನಕ್ಷೆ ಬರೆದವರೂ ಅದನ್ನು ನಂಬಿದವರೂ ಒಮ್ಮತದಿಂದ ಒಪ್ಪಿಕೊಂಡಿದ್ದ 40 ಮೈಲಿ ಅಗಲದ ನೆಲ ಎಂದೂ ಇರಲೇ ಇಲ್ಲ. ಆ ಒಮ್ಮತದ ಕಾಲದಲ್ಲಿ ಮದರಾಸಿನಿಂದ ಮಂಗಳೂರಿಗೆ ನಡೆದ ಎತ್ತಿನ ಗಾಡಿ ಯಾವುದೂ ಆ ಹೆಚ್ಚಿನ 40 ಮೈಲಿಯನ್ನು ನಡೆದಿರಲಿಲ್ಲ. ಆ ಮೋಜಣಿ ವಸಾಹತು ಆಡಳಿತದ ಅನುಕೂಲಕ್ಕಾಗಿ ನಡೆದದ್ದು ಎಂಬುದನ್ನು ನಾನು ಮರೆತಿಲ್ಲ. ಕಂದಾಯ, ಸೈನ್ಯ, ಹಿಡಿತ ಇವೆಲ್ಲ ಅದರ ಹಿಂದೆ ಇದ್ದವು. ಅಳೆದವರ ಉದ್ದೇಶ ಏನಿತ್ತು ಎಂಬುದರಿಂದ ಅಳತೆ ಸರಿಯೋ ತಪ್ಪೋ ಎಂಬುದು ತೀರ್ಮಾನವಾಗುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಹಾಗಾದರೆ ಹತ್ತು ಜನರ ಮಾತಿಗೆ ಬೆಲೆಯೇ ಇಲ್ಲವೇ? ಇದೆ, ಬಹಳ ಇದೆ. ಹೆಗಲ ಮೇಲಿನ ಆಡನ್ನು ನಾಯಿ ಎಂದು ಮೂವರು ಬೇರೆ ಬೇರೆ ಕಡೆ ಹೇಳಿದ್ದನ್ನು ನಂಬಿ ಕೆಳಗಿಳಿಸಿದ ಬ್ರಾಹ್ಮಣನ ಕಥೆಯನ್ನು ನಾವೆಲ್ಲ ಚಿಕ್ಕವರಿದ್ದಾಗ ಕೇಳಿ ಅವನನ್ನು ಪೆದ್ದ ಎಂದುಕೊಂಡಿದ್ದೇವೆ. ಈಗ ನನಗೆ ಅವನು ಪೆದ್ದನಾಗಿ ಕಾಣುವುದಿಲ್ಲ. ಒಬ್ಬರನ್ನೊಬ್ಬರು ಅರಿಯದ ಮೂವರು ಒಂದೇ ಮಾತು ಹೇಳಿದರೆ ತನ್ನ ಕಣ್ಣನ್ನೇ ಅನುಮಾನಿಸುವುದು ವಿವೇಕವೇ. ಆ ಮೂವರು ಮೊದಲೇ ಒಂದೆಡೆ ಕೂತು ಮಾತಾಡಿಕೊಂಡಿದ್ದರು ಎಂಬುದು ಅವನಿಗೆ ಗೊತ್ತಿರಲಿಲ್ಲ. ನಮ್ಮ ಹೊಲದ ಹಿರಿಯರಲ್ಲಿ ಮೋಸ ಎಳ್ಳಷ್ಟೂ ಇರಲಿಲ್ಲ, ಆದರೂ ಅವರ ಸಾಕ್ಷ್ಯದ ಸ್ಥಿತಿ ಅದೇ ಆಗಿತ್ತು. ಕಲ್ಲು ಸಿಕ್ಕಿದ ಮೇಲೆ ಅವರಲ್ಲಿ ಒಬ್ಬರು ಬಹಳ ಹೊತ್ತು ಯೋಚಿಸಿ ಹೇಳಿದರು: ತಾವು ಹುಡುಗರಾಗಿದ್ದಾಗ ಒಂದು ಜೋರು ಮಳೆಗೆ ಆ ಬದು ಪೂರ್ತಿ ಒಡೆದುಹೋಗಿತ್ತಂತೆ, ಅಂದಿನ ಪಟೇಲರು ನಿಂತು ಹೊಸದಾಗಿ ಹಾಕಿಸಿದ್ದರಂತೆ. ಅಂದರೆ ಅಲ್ಲಿ ಸೇರಿದ್ದ ಅಷ್ಟೂ ಜನ ನಿಜವಾಗಿ ಸಾಕ್ಷಿ ಹೇಳುತ್ತಿದ್ದದ್ದು ಒಬ್ಬ ಪಟೇಲರ ಅಂದಾಜಿಗೆ. ಎಷ್ಟು ಬಾಯಿ ಹೇಳುತ್ತಿವೆ ಎಂದು ಎಣಿಸುವುದಕ್ಕಿಂತ, ಆ ಮಾತು ಎಷ್ಟು ಕಡೆಯಿಂದ ಹುಟ್ಟಿಬಂದಿದೆ ಎಂದು ಕೇಳಬೇಕು. ಒಂದೇ ಸಂದೇಶ ಸಾವಿರ ಮೊಬೈಲುಗಳಿಗೆ ಹೋಗಿ ಸಾವಿರ ಸಾಕ್ಷಿಗಳ ಭ್ರಮೆ ಹುಟ್ಟಿಸುವ ಈ ದಿನಗಳಲ್ಲಿ ಈ ಪ್ರಶ್ನೆಯನ್ನು ಮೊದಲಿಗಿಂತ ಹೆಚ್ಚಾಗಿ ಕೇಳಬೇಕಾಗಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿಂದಿನವರು ಹೇಳಿದ್ದು ಸುಮ್ಮನೆ ಅಲ್ಲ.

ಇಳಿಜಾರು

ಒಪ್ಪಿಗೆಯನ್ನೇ ವಾಸ್ತವವೆಂದು ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿಗಿಂತ ದೊಡ್ಡ ಉದಾಹರಣೆಯನ್ನು ನಾನು ಕಂಡಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರು ಅದು; ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ನೀರು ಇಳಿಯುವಂತೆ ಸರಣಿಯಾಗಿ ಕೆರೆಗಳನ್ನು ಕಟ್ಟಿದ್ದರು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರಿಗೆ, ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಒಂದೊಂದು ಕೆರೆಯನ್ನೂ ಮುಚ್ಚುವಾಗ ಕಡತಗಳಲ್ಲಿ ಬರೆಯುತ್ತಿದ್ದ ಮಾತು, ಸದರಿ ಕೆರೆಯು ಕೆರೆಯ ಸ್ವರೂಪವನ್ನು ಕಳೆದುಕೊಂಡಿರುತ್ತದೆ ಎಂಬುದು. ಆ ವಾಕ್ಯವನ್ನು ಅಧಿಕಾರಿ ಬರೆದರು, ಮೇಲಿನವರು ಸಹಿ ಹಾಕಿದರು, ಬಡಾವಣೆಯಾಯಿತು, ಖಾತೆಯಾಯಿತು, ಬ್ಯಾಂಕು ಸಾಲ ಕೊಟ್ಟಿತು, ಕೊಂಡವರು ಗೃಹಪ್ರವೇಶ ಮಾಡಿದರು. ಒಮ್ಮತ ಎಂದರೆ ಇದಕ್ಕಿಂತ ಪೂರ್ಣವಾದ ಒಮ್ಮತವನ್ನು ಕಲ್ಪಿಸಿಕೊಳ್ಳುವುದು ಕಷ್ಟ.

2022ರ ಸೆಪ್ಟೆಂಬರ್ 4ರ ರಾತ್ರಿ ಸುರಿದ ಮಳೆಗೆ ಮಹದೇವಪುರ, ಬೆಳ್ಳಂದೂರು ಕಡೆಯ ಬಡಾವಣೆಗಳಲ್ಲಿ ನೀರು ನಿಂತಿತು. ಐಟಿ ಕಂಪನಿಗಳ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ನೀರು ಹೋದದ್ದು ಹಳೆಯ ಗ್ರಾಮನಕ್ಷೆಗಳಲ್ಲಿ ಹಳ್ಳದ ಗೆರೆ ಇದ್ದ ಕಡೆಗೆ. ಕೆರೆಯ ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದನ್ನು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 75 ಮೀಟರ್ ಎಂದು ನಿಗದಿಪಡಿಸಿತ್ತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿದ್ದರಿಂದ ನಗರದ ಮಹಾಯೋಜನೆಯಲ್ಲಿದ್ದ (ಮಾಸ್ಟರ್ ಪ್ಲಾನ್) 30 ಮೀಟರ್ ಮತ್ತೆ ಜಾರಿಗೆ ಬಂತು. ಎಷ್ಟು ಮೀಟರ್ ಇರಬೇಕು ಎಂಬುದು ನಾವು ಕೂಡಿ ನಿರ್ಧರಿಸಬೇಕಾದ ವಿಷಯವೇ ಹೌದು, ಅದರಲ್ಲಿ ಅನೇಕರ ಬದುಕು, ಮನೆ, ಉಳಿತಾಯ ಎಲ್ಲವನ್ನೂ ತೂಗಿನೋಡಬೇಕು. ಆದರೆ ಇಷ್ಟು ಮಳೆ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬ ಪ್ರಶ್ನೆ ಆ ನಿರ್ಧಾರಕ್ಕಿಂತ ಮೊದಲೇ ಇದೆ, ಅದಕ್ಕೆ ಉತ್ತರ ಇಳಿಜಾರಿನಲ್ಲಿದೆ. ಆ ಉತ್ತರವನ್ನು ಕೇಳಿಸಿಕೊಳ್ಳದೆ ಮಾಡಿದ ಒಪ್ಪಂದಕ್ಕೆ ಬೆಲೆ ತೆತ್ತವರಲ್ಲಿ ಟ್ರ್ಯಾಕ್ಟರ್ ಹತ್ತಿದವರ ಚಿತ್ರ ಮಾತ್ರ ಪತ್ರಿಕೆಯಲ್ಲಿ ಬಂತು. ಅದೇ ಕಣಿವೆಯ ತಗ್ಗಿನ ತಗಡಿನ ಶೆಡ್ಡುಗಳಲ್ಲಿದ್ದ ಕಟ್ಟಡ ಕೆಲಸಗಾರರ ಅಕ್ಕಿ, ಬಟ್ಟೆ, ಹಾಸಿಗೆ ತೇಲಿಹೋದದ್ದನ್ನು ನೋಡಿದವರು ಕಡಿಮೆ.

ಪಹಣಿಯಲ್ಲಿಲ್ಲದ ಉಳುಮೆ

ನನ್ನ ಮನಸ್ಸು ಒಪ್ಪದಿರುವುದರ ಮುಖ್ಯ ಕಾರಣ ಇನ್ನೂ ಬೇರೆ. ನಮ್ಮ ಊರಿನಲ್ಲಿ ದೊಡ್ಡಮನೆಯವರ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಒಪ್ಪಂದದ ಮೇಲೆ, ಮಾಡುತ್ತಿದ್ದ ಒಬ್ಬರು ಇದ್ದರು. ನಾವು ಮಕ್ಕಳೆಲ್ಲ ಅವರನ್ನು ತಾತ ಎನ್ನುತ್ತಿದ್ದೆವು. ಉಳುವ ಗೇಣಿದಾರರಿಗೇ ಭೂಮಿಯ ಹಕ್ಕು ಕೊಡುವ, ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಅವರೂ ಆ ಹಕ್ಕು ಕೇಳುವ ಅರ್ಜಿಯಾದ ಫಾರಂ 7 ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತರು. ಅವರ ಕೈಯಲ್ಲಿ ಗೇಣಿಯ ರಸೀದಿ ಇರಲಿಲ್ಲ, ಕಣದಲ್ಲಿ ರಾಶಿ ಹಂಚಿಕೊಂಡವರಿಗೆ ರಸೀದಿ ಯಾರು ಕೊಡುತ್ತಾರೆ? ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ವರ್ಷವರ್ಷವೂ ಸ್ವಂತ ಸಾಗುವಳಿ ಎಂದೇ ಬರೆದಿತ್ತು. ಊರಿನ ನಾಲ್ಕು ಜನ ದೊಡ್ಡವರು ಬಂದು, ಈತ ಬರೀ ಕೂಲಿಗೆ ಬರುತ್ತಿದ್ದವನು ಎಂದು ಹೇಳಿಕೆ ಕೊಟ್ಟರು. ಅವರ ಎದುರು ನಿಂತು ಬೇರೆ ಮಾತು ಹೇಳುವ ಸ್ಥಿತಿಯಲ್ಲಿ ಊರಿನ ಬೇರೆ ಯಾರೂ ಇರಲಿಲ್ಲ. ಅರ್ಜಿ ವಜಾ ಆಯಿತು.

ನಾನು ಅವರನ್ನು ಚೆನ್ನಾಗಿ ಬಲ್ಲದ್ದು ಅದಾಗಿ ಬಹಳ ವರ್ಷಗಳ ನಂತರ. ಒಮ್ಮೆ ಆ ಹೊಲದ ಪಕ್ಕದ ಕಾಲುದಾರಿಯಲ್ಲಿ ಅವರ ಜೊತೆ ಬರುತ್ತಿದ್ದಾಗ ಅವರು ಬೇಲಿಯ ಆಚೆಗೆ ಕೈ ತೋರಿಸುತ್ತಾ ಹೇಳಿದ ವಿವರಗಳು ನನಗೆ ಇಂದಿಗೂ ನೆನಪಿವೆ. "ಆ ಮೂಲೆಯಾಗೆ ಗೇಣುದ್ದ ಕೆಳಗೆ ಹಾಸುಬಂಡೆ ಐತೆ ಮಗಾ, ಅಲ್ಲಿ ನೇಗಿಲ ಮೇಲೆತ್ತಿ ಹಿಡೀಬೇಕು. ಈ ಕಡೆ ಸೌಳು, ಎರಡು ಗಾಡಿ ಗೊಬ್ಬರ ಹೆಚ್ಚಿಗೆ ಹೊಡೀಬೇಕು." ಮಳೆ ಹೆಚ್ಚಾದ ವರ್ಷ ಯಾವ ಪಟ್ಟಿಯಲ್ಲಿ ನೀರು ಜಿನುಗುತ್ತದೆ, ಯಾವ ಬದುವಿನ ಕೆಳಗೆ ಹುತ್ತ ಇತ್ತು, ಅವರ ಎತ್ತು ಯಾವ ಸಾಲಿನಲ್ಲಿ ಕಾಲು ಉಳುಕಿಸಿಕೊಂಡಿತು, ಎಲ್ಲವೂ ಅವರಿಗೆ ತಿಳಿದಿತ್ತು. ನೇಗಿಲು ಹಿಡಿದು ದಶಕಗಳ ಕಾಲ ಆ ನೆಲದ ಮೇಲೆ ನಡೆಯದವರಿಗೆ ಅದು ತಿಳಿಯುವ ಬಗೆಯಿಲ್ಲ. ಅವರು ಆ ಹೊಲವನ್ನು ಉತ್ತಿದ್ದರು. ಊರು ಇಲ್ಲ ಎಂದಿತು, ಪಹಣಿ ಇಲ್ಲ ಎಂದಿತು, ಮಂಡಳಿಯೂ ಇಲ್ಲ ಎಂದಿತು. ಆದರೂ ಅವರು ಉತ್ತಿದ್ದರು.

ವಾಸ್ತವವೆಂದರೆ ಒಪ್ಪಂದ ಎಂಬ ಮಾತನ್ನು ಪೂರ್ತಿ ನಂಬಿದವನು ಈ ಮುದುಕರ ಮುಂದೆ ಏನು ಹೇಳಬಲ್ಲ? ಊರಿನ ಒಮ್ಮತದ ಪ್ರಕಾರ ನೀವು ಉಳಲಿಲ್ಲ, ಆದ್ದರಿಂದ ಉಳಲಿಲ್ಲ ಎನ್ನಬೇಕಾಗುತ್ತದೆ. ಊರಿನದು ಒಂದು ಸತ್ಯ, ನಿಮ್ಮದು ಇನ್ನೊಂದು ಎಂದು ಮೃದುವಾಗಿ ಹೇಳಿದರೂ ಅವರಿಗೆ ಆದ ಅನ್ಯಾಯ ಕೇವಲ ಅಭಿಪ್ರಾಯಭೇದವಾಗಿ ಕರಗಿಹೋಗುತ್ತದೆ. ಅಧಿಕಾರಸ್ಥರ ಕೈಯಿಂದ ಸತ್ಯವನ್ನು ಬಿಡಿಸುವುದಕ್ಕಾಗಿ ಹುಟ್ಟಿದ ವಾದ ಕೊನೆಗೆ ಅವರ ಕೈಗೇ ಅದನ್ನು ಒಪ್ಪಿಸುತ್ತದೆ, ಏಕೆಂದರೆ ಒಮ್ಮತವನ್ನು ಕಟ್ಟುವ ಶಕ್ತಿ ಎಲ್ಲ ಕಾಲದಲ್ಲೂ ಅವರಲ್ಲೇ ಇರುತ್ತದೆ. ನಾಲ್ಕು ಜನರ ಬೆಂಬಲವಿದ್ದವರಿಗೆ, ಒಪ್ಪಿಗೆಯನ್ನು ಮೀರಿದ ಸತ್ಯವೊಂದು ಇದೆಯೋ ಇಲ್ಲವೋ ಎಂಬುದು ಚರ್ಚೆಯ ವಿಷಯವಾಗಿರಬಹುದು. ಒಬ್ಬಂಟಿಯಾಗಿ ನಿಂತವರಿಗೆ ಅದೊಂದನ್ನು ಬಿಟ್ಟು ಬೇರೆ ಆಸರೆಯೇ ಇಲ್ಲ.

ಸುಣ್ಣದ ಗೆರೆ

ಹಾಗೆಂದು ಯಂತ್ರ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಇನ್ನೊಂದು ಕಡೆಯ ನಂಬಿಕೆಯನ್ನೂ ನಾನು ಹಂಚಿಕೊಳ್ಳಲಾರೆ. 2020ರಲ್ಲಿ ಪ್ರಾರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ವಾಸದ ಜಾಗಗಳನ್ನು ಡ್ರೋನ್ ಮೂಲಕ ಅಳೆಯುತ್ತಿದ್ದಾರೆ. ಡ್ರೋನ್ ಹಾರುವ ಮೊದಲು ಮನೆಯವರು ತಮ್ಮ ತಮ್ಮ ಆಸ್ತಿಯ ಎಲ್ಲೆಯ ಮೇಲೆ ಸುಣ್ಣದ ಗೆರೆ ಎಳೆಯಬೇಕು, ಮೇಲಿನಿಂದ ಅದರ ಚಿತ್ರ ತೆಗೆದು ಸೆಂಟಿಮೀಟರುಗಳ ಲೆಕ್ಕದ ನಿಖರತೆಯಲ್ಲಿ ನಕ್ಷೆ ಮಾಡುತ್ತಾರೆ. ಗೆರೆ ಎಲ್ಲಿದೆ ಎಂಬುದನ್ನು ಡ್ರೋನ್ ತಪ್ಪಿಲ್ಲದೆ ಹೇಳುತ್ತದೆ. ಆ ಗೆರೆ ಅಲ್ಲಿಗೆ ಹೇಗೆ ಬಂತು ಎಂಬುದು ಅದಕ್ಕೆ ಕಾಣುವುದಿಲ್ಲ. ಗೆರೆ ಎಳೆಯುವ ದಿನ ಯಾರು ಊರಿನಲ್ಲಿದ್ದರು, ಯಾರು ಕೂಲಿಗೆ ಹೋಗಿದ್ದರು, ಯಾರ ಮನೆಯ ಹಿತ್ತಿಲನ್ನು ಪಕ್ಕದ ಬಲವಾದ ಮನೆಯವರು ತಮ್ಮ ಗೆರೆಯೊಳಗೆ ಸೇರಿಸಿಕೊಂಡರು ಎಂಬುದನ್ನು ಬೇರೆ ರೀತಿಯಲ್ಲೇ ವಿಚಾರಿಸಬೇಕು. ಪಟೇಲರ ಅಂದಾಜನ್ನು ಅಷ್ಟು ನಿಖರವಾಗಿ ಚಿತ್ರ ತೆಗೆದಿಟ್ಟರೂ ಅದು ಅಂದಾಜೇ.

ನಕ್ಷೆ ಅಂತಿಮವಾಗುವ ಮೊದಲು ಕರಡನ್ನು ಪ್ರಕಟಿಸಿ ಆಕ್ಷೇಪಣೆ ಕೇಳುವ ಅವಕಾಶ ಈ ಪದ್ಧತಿಯಲ್ಲಿದೆ. ನನ್ನ ದೃಷ್ಟಿಯಲ್ಲಿ ಡ್ರೋನಿಗಿಂತ ಮುಖ್ಯವಾದದ್ದು ಆ ಅವಕಾಶ, ಮತ್ತು ಅದು ಕೇವಲ ಗೋಡೆಗೆ ಅಂಟಿಸಿದ ಕಾಗದವಾಗಿ ಮುಗಿದುಹೋಗಬಾರದು. ಓದಲು ಬಾರದವರಿಗೆ ನಕ್ಷೆಯನ್ನು ಓದಿ ಹೇಳಬೇಕು. ಕೂಲಿಗೆ ಹೋದವರು ಮರಳಿ ಬರುವ ಸಂಜೆ ಹೊತ್ತಿನಲ್ಲಿ, ಅವರವರ ಮನೆಯ ಮುಂದೆಯೇ ನಿಂತು, ಈ ಗೆರೆ ಸರಿಯೇ ಎಂದು ಕೇಳಬೇಕು. ವಿಧವೆಯರನ್ನು, ಬೇರೆ ಊರಿಗೆ ದುಡಿಯಲು ಹೋದವರ ಮನೆಯವರನ್ನು ಬಿಡದೆ ಕೇಳಬೇಕು. ಒಬ್ಬರೇ ಒಬ್ಬರು ಇದು ಸರಿಯಿಲ್ಲ ಎಂದರೂ ಊರೆಲ್ಲ ಒಪ್ಪಿದೆಯಲ್ಲ ಎಂದು ಅವರನ್ನು ಸುಮ್ಮನಾಗಿಸದೆ, ತಕರಾರಿಲ್ಲದ ಒಂದು ಕಲ್ಲಿನವರೆಗೆ ನಡೆದುಹೋಗಿ ಅಲ್ಲಿಂದ ಮತ್ತೆ ಅಳೆದುಕೊಂಡು ಬರಬೇಕು.